ತಮ್ಮನ ಲ್ಯಾಪ್‌ಟಾಪ್‌ಗೆ ಯಾವ ಆಂಟಿವೈರಸ್?

ತಮ್ಮನಿಗೋ ತಂಗಿಗೋ ಹೊಸ ಲ್ಯಾಪ್‌ಟಾಪ್ ತಂದಿದ್ದೀರಾ? ಆಂಟಿವೈರಸ್‌ಗೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಉಚಿತವಾಗಿ ಮೊದಲೇ ಇರುತ್ತದೆ. ಜೊತೆಗೆ ಬೇರೆ ಆಂಟಿವೈರಸ್‌ನ ಟ್ರಯಲ್ ಬಂದಿದ್ದರೆ, ಅವಧಿ ಮುಗಿದ ಮೇಲೆ ಹಣ ಕಟ್ಟಿ ಎಂದು ಕಾಡುತ್ತದೆ. ಅದನ್ನು ತೆಗೆದುಹಾಕಿ, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಆನ್ ಆಗಿದೆಯೇ ನೋಡಿ. ಸಾಕು.

ನಿಜವಾದ ತಲೆನೋವು ಬೇರೆ. ಮೈನ್‌ಕ್ರಾಫ್ಟ್ ಮಾಡ್, ಫ್ರೀ ರೋಬಕ್ಸ್ ಎಂದರೆ ಚಿಕ್ಕವರು ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡುತ್ತಾರೆ. "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ವಿಡಿಯೊದಲ್ಲಿ ಹೇಳಿದರೆ ಅದನ್ನೂ ಮಾಡಿಬಿಡುತ್ತಾರೆ! (ಓದುತ್ತಿರುವ ಪುಟಾಣಿಗಳೇ, ಹಾಗೆ ಹೇಳುವವರನ್ನು ನಂಬಬೇಡಿ.) ಆದ್ದರಿಂದ ಅವರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ಅಪ್ಪ-ಅಮ್ಮನ ಹತ್ತಿರವೇ ಇರಲಿ. ಆಗ ಡಿಫೆಂಡರ್ ಆಫ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ.

ಅಕ್ಕನ ಹಳೆಯ ಲ್ಯಾಪ್‌ಟಾಪ್ ಕೊಡುತ್ತಿದ್ದೀರಾ? ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ. ಅದು ವಿಂಡೋಸ್ 11ಕ್ಕೆ ಏರುತ್ತದೆಯೇ ನೋಡಿಕೊಂಡು ಕೊಡಿ.