ಕ್ಯಾಪ್ಟನ್ ಸಾಠೆಯವರನ್ನು ನೆನೆಯುತ್ತಾ...

ಮಂಡ್ಯದಿಂದ ಮೈಸೂರಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ರೈಲು ನಿಲ್ದಾಣ ಯಲಿಯೂರು. ಇಂಥ ನಿಲ್ದಾಣದಲ್ಲಿ ನಿಂತು ಮನೆಯವರನ್ನು ಎದುರು ನೋಡಿದ ಅನುಭವ ನಿಮಗೂ ಇರಬಹುದು. ರೈಲು ತಡವಾದರೆ ಮನಸ್ಸು ಗೊಣಗುತ್ತದೆ. ಮಗನೋ ಗಂಡನೋ ಇಳಿದು ಎದುರಿಗೆ ಬಂದ ಕೂಡಲೇ ಕಾದದ್ದೆಲ್ಲ ಮರೆತುಹೋಗುತ್ತದೆ. ಗಲ್ಫಿನಿಂದ ಬರುವವರಿಗಾಗಿ ಕಾಯುವ ಮನೆಗಳಲ್ಲಿ ಈ ತಳಮಳ ಇನ್ನೂ ಹೆಚ್ಚು. ಆದರೆ ಅವರನ್ನು ಕರೆತರುವ ಪೈಲಟ್‌ಗೂ ಒಂದು ಮನೆ ಇದೆ, ಅಲ್ಲಿಯೂ ಒಬ್ಬ ತಾಯಿ ಕಾಯುತ್ತಿರುತ್ತಾಳೆ ಎಂಬುದನ್ನು ನಾವು ಎಷ್ಟು ಬಾರಿ ಯೋಚಿಸಿದ್ದೇವೆ?

ಅಂಥ ಒಬ್ಬರನ್ನು ಇಂದು ನೆನೆಯೋಣ. ಅವರ ಹೆಸರು ಕ್ಯಾಪ್ಟನ್ ದೀಪಕ್ ಸಾಠೆ.

ಸಾಠೆಯವರದು ಸೈನಿಕರ ಮನೆ. ತಂದೆ ಭೂಸೇನೆಯಲ್ಲಿ ಅಧಿಕಾರಿಯಾಗಿದ್ದವರು. ದೀಪಕ್ 1981ರಲ್ಲಿ ವಾಯುಪಡೆಯ ಅಕಾಡೆಮಿಯಿಂದ ಅತ್ಯುತ್ತಮ ಅಭ್ಯರ್ಥಿಗೆ ಸಿಗುವ ಗೌರವ ಖಡ್ಗವನ್ನು ಪಡೆದು ಹೊರಬಂದರು. ಸೇನೆಯಲ್ಲಿದ್ದ ಸೋದರನನ್ನು ಕುಟುಂಬ ಕಳೆದುಕೊಂಡದ್ದೂ ಅದೇ ವರ್ಷ. ಒಬ್ಬ ಮಗನನ್ನು ಮಣ್ಣಿಗೆ ಕೊಟ್ಟ ತಾಯಿ ಇನ್ನೊಬ್ಬ ಮಗನನ್ನು ಆಕಾಶಕ್ಕೆ ಕಳುಹಿಸಿಕೊಡಬೇಕಾಯಿತು. ಆ ತಾಯಿಯ ಎದೆ ಎಂಥದ್ದಿರಬೇಕು, ನೀವೇ ಹೇಳಿ.

ಮುಂದೆ ಅವರು ಮಿಗ್-21 ಯುದ್ಧ ವಿಮಾನ ಹಾರಿಸಿದರು. ನಮ್ಮ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಎಎಲ್ ಸಂಸ್ಥೆಗಾಗಿ ಪರೀಕ್ಷಾ ಹಾರಾಟಗಳನ್ನೂ ನಡೆಸಿದರು. 1990ರ ದಶಕದ ಆರಂಭದಲ್ಲಿ ವಿಮಾನ ಅಪಘಾತವೊಂದರಲ್ಲಿ ತಲೆಗೆ ಬಲವಾದ ಪೆಟ್ಟಾಗಿ ಆರು ತಿಂಗಳು ಆಸ್ಪತ್ರೆಯಲ್ಲಿದ್ದರೆಂದು ಅವರ ಬಂಧುಗಳು ಹೇಳುತ್ತಾರೆ. ಇನ್ನು ಇವರು ಹಾರಲಾರರು ಎಂದೇ ಎಲ್ಲರೂ ತಿಳಿದಿದ್ದರಂತೆ. ಆದರೆ ಅವರು ಎದ್ದು ನಿಂತರು, ಮತ್ತೆ ಹಾರಿದರು. 2003ರಲ್ಲಿ ವಿಂಗ್ ಕಮಾಂಡರ್ ಆಗಿ ವಾಯುಪಡೆಯಿಂದ ನಿವೃತ್ತರಾದ ಮೇಲೆ ಏರ್ ಇಂಡಿಯಾ ಸೇರಿ, ಬಳಿಕ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಕ್ಯಾಪ್ಟನ್ ಆದರು. ಒಟ್ಟು ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವ ಅವರದಾಗಿತ್ತು.

ಮನೆಯಲ್ಲಿ ಅವರು ಪತ್ನಿ ಮತ್ತು ಇಬ್ಬರು ಗಂಡುಮಕ್ಕಳ ಸಂಸಾರಸ್ಥರು. ಇತರರಿಗೆ ನೆರವಾಗುವುದರಲ್ಲಿ ತನ್ನ ಮಗ ಯಾವಾಗಲೂ ಮುಂದು ಎಂದು ತಾಯಿ ನೆನೆದಿದ್ದಾರೆ. ಅಹ್ಮದಾಬಾದಿನಲ್ಲಿ ನೆರೆ ಬಂದಾಗ ಸೈನಿಕರ ಮಕ್ಕಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದನಂತೆ. ಕೊರೊನಾ ದಿನಗಳಲ್ಲಿ ನಾಗಪುರದಲ್ಲಿದ್ದ ತಾಯಿಗೆ ಫೋನ್ ಮಾಡಿ ಮನೆಯಿಂದ ಹೊರಗೆ ಕಾಲಿಡಬೇಡ ಎಂದು ಎಚ್ಚರಿಸುತ್ತಿದ್ದ ಮಗ, ತಾನು ಮಾತ್ರ ಸಿಕ್ಕಿಬಿದ್ದವರನ್ನು ಕರೆತರಲು ಹಾರುತ್ತಲೇ ಇದ್ದ.

ಆ ದಿನಗಳನ್ನು ನೀವು ಮರೆತಿರಲಾರಿರಿ. ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ಹಸುಗೂಸುಗಳ ತಾಯಂದಿರು ಗಲ್ಫಿನಲ್ಲಿ ಸಿಕ್ಕಿಬಿದ್ದಿದ್ದರು. 2020ರ ಮೇ 7ರಂದು ವಂದೇ ಭಾರತ್ ಹೆಸರಿನ ವಿಶೇಷ ವಿಮಾನಗಳು ಆರಂಭವಾದವು. ಸರಿಯಾಗಿ ಮೂರು ತಿಂಗಳ ಬಳಿಕ, ಆಗಸ್ಟ್ 7ರ ಸಂಜೆ, ದುಬೈಯಿಂದ ಕೋಝಿಕ್ಕೋಡಿಗೆ 184 ಪ್ರಯಾಣಿಕರನ್ನೂ 6 ಸಿಬ್ಬಂದಿಯನ್ನೂ ಹೊತ್ತ ವಿಮಾನದ ಚುಕ್ಕಾಣಿ ಸಾಠೆಯವರ ಕೈಯಲ್ಲಿತ್ತು. ಜೊತೆಗಿದ್ದ ಸಹ ಪೈಲಟ್ ಅಖಿಲೇಶ್ ಕುಮಾರ್. ಅವರ ಪತ್ನಿ ಗರ್ಭಿಣಿ. ಸಾಠೆಯವರ ತಾಯಿಗೆ ಮರುದಿನ 84 ತುಂಬುವುದಿತ್ತು. ವಿಮಾನ ಸಿಕ್ಕರೆ ನಾಗಪುರಕ್ಕೆ ಹೋಗಿ ತಾಯಿಯನ್ನು ಅಚ್ಚರಿಗೊಳಿಸುವ ಆಸೆ ಅವರಿಗಿತ್ತೆಂದು ಮನೆಯವರು ಬಳಿಕ ಹೇಳಿದರು.

ಜೋರು ಮಳೆ. ಮೊದಲ ಸಲ ಇಳಿಯಲಾಗದೆ ವಿಮಾನ ಮತ್ತೆ ಮೇಲೇರಿತು. ಎರಡನೆಯ ಸಲ ರನ್‌ವೇಯ ಇನ್ನೊಂದು ತುದಿಯಿಂದ ಇಳಿಯುವಾಗ ಅರ್ಧ ರನ್‌ವೇ ದಾಟಿದ ಮೇಲಷ್ಟೇ ಚಕ್ರಗಳು ನೆಲ ಮುಟ್ಟಿದವು. ಕರಿಪುರದ ಆ ರನ್‌ವೇ ನಮ್ಮ ಬಜ್ಪೆಯಂತೆ ಗುಡ್ಡದ ನೆತ್ತಿಯಲ್ಲಿದೆ. ವಿಮಾನ ಅಂಚು ದಾಟಿ ಇಳಿಜಾರಿಗೆ ಬಿದ್ದು ತುಂಡಾಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಪ್ರಾಣ ಕಳೆದುಕೊಂಡರು.

ಪ್ರಾಣ ಕೊಟ್ಟು ಜನರನ್ನು ಉಳಿಸಿದ ವೀರ ಎಂಬ ಕಥೆಗಳು ಆಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆದರೆ 2021ರಲ್ಲಿ ಬಂದ ತನಿಖಾ ವರದಿ ಬೇರೆಯದನ್ನೇ ಹೇಳಿತು. ಅವರ ಕಡೆಯ ಗಾಜಿನ ವೈಪರ್ ಮೊದಲ ಪ್ರಯತ್ನದಲ್ಲೇ ನಿಂತುಹೋಗಿತ್ತು. ಗಾಳಿ ವಿಮಾನದ ಹಿಂದಿನಿಂದ ಬೀಸುತ್ತಿತ್ತು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಕೂಗಿದರೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ನಿಯಮ ಪಾಲಿಸದಿದ್ದುದೇ ಅಪಘಾತದ ಸಂಭವನೀಯ ಕಾರಣ ಎಂದಿತು ವರದಿ. ಇನ್ನೊಂದು ಮಾತನ್ನೂ ಅದು ದಾಖಲಿಸಿತು. ಕೋಝಿಕ್ಕೋಡಿನಲ್ಲಿ ಕ್ಯಾಪ್ಟನ್‌ಗಳ ಕೊರತೆ ಇತ್ತು. ಮರುದಿನದ ವಿಮಾನವನ್ನು ಅಲ್ಲಿಂದ ಹಾರಿಸಬೇಕಾದವರೂ ಸಾಠೆಯವರೇ. ಹೇಗಾದರೂ ಅಂದೇ ಅಲ್ಲಿ ತಲುಪಬೇಕೆಂಬ ಒತ್ತಡ ಅವರ ತೀರ್ಮಾನದ ಮೇಲೆ ಪ್ರಭಾವ ಬೀರಿತ್ತು.

ಹಾಗಾದರೆ ಇವರನ್ನು ಹೇಗೆ ನೆನೆಯುವುದು? ವೀರನೆಂದೇ? ತಪ್ಪು ಮಾಡಿದವನೆಂದೇ?

ತೀರಿಕೊಂಡವರ ತಪ್ಪನ್ನು ಮುಚ್ಚಿಟ್ಟು ಹೊಗಳಿದರೆ, ಅಂದು ಮನೆಯವರನ್ನು ಕಳೆದುಕೊಂಡವರಿಗೆ ಅನ್ಯಾಯ. ಒಂದೇ ನಿಮಿಷದ ತಪ್ಪಿನಿಂದ ನಲವತ್ತು ವರ್ಷಗಳ ದುಡಿಮೆಯನ್ನು ಅಳಿಸಿಹಾಕಿದರೆ ಅದೂ ಅನ್ಯಾಯವೇ. ನಮ್ಮ ಮನೆಗಳಲ್ಲಿ ತೀರಿಕೊಂಡ ಹಿರಿಯರನ್ನು ನಾವು ಹೇಗೆ ನೆನೆಯುತ್ತೇವೆ? ಅವರ ಒಳಿತನ್ನು ಮಕ್ಕಳಿಗೆ ಹೇಳುತ್ತೇವೆ. ಅವರು ಎಡವಿದ ಜಾಗವನ್ನು ತೋರಿಸಿ, ನೀನು ಇಲ್ಲಿ ಎಚ್ಚರವಾಗಿರು ಎನ್ನುತ್ತೇವೆ. ಸಾಠೆಯವರಿಗೂ ಸಲ್ಲಬೇಕಾದದ್ದು ಅದೇ.

ಸಾಠೆಯವರು ಎಡವಿದ ಜಾಗ ನಮಗೆ ಹೊಸದಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಉರುಳಿ 158 ಮಂದಿ ಸತ್ತರು, ಉಳಿದವರು ಎಂಟೇ ಮಂದಿ. ಅಲ್ಲಿಯೂ ಸಹ ಪೈಲಟ್ ಮತ್ತೆ ಮೇಲೇರಲು ಹೇಳಿದ್ದರು. ಅಲ್ಲಿಯೂ ಆ ಮಾತು ನಡೆಯಲಿಲ್ಲ. ಮೇಲೇರಿ ಇನ್ನೊಂದು ಸುತ್ತು ಹಾಕುವುದು, ಬೇರೆ ಊರಿನಲ್ಲಿ ಇಳಿಸುವುದು ಪೈಲಟ್‌ಗೆ ಸೋಲಲ್ಲ. ಅದು ಅವನ ಕೆಲಸದ ಒಂದು ಭಾಗ.

ಸಹೋದರಿಯರೇ, ಇದು ವಿಮಾನಕ್ಕೆ ಮಾತ್ರ ಸೇರಿದ ಪಾಠವೇ? ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮಳೆಯ ರಾತ್ರಿ ಗಾಡಿ ಓಡಿಸುತ್ತಿರುವ ಗಂಡನಿಗೆ "ಎಲ್ಲಿದ್ದೀರಿ? ಇನ್ನೂ ಎಷ್ಟು ಹೊತ್ತು? ಅಡುಗೆ ಆರಿಹೋಯಿತು" ಎಂದು ಮೂರು ಮೂರು ಸಲ ಫೋನ್ ಮಾಡುವವರು ನಾವೇ ಅಲ್ಲವೇ? ನಮ್ಮದು ಪ್ರೀತಿಯೇ ಸರಿ. ಆದರೆ ದಾರಿಯಲ್ಲಿರುವವರಿಗೆ ಆ ಪ್ರೀತಿ ಅವಸರವಾಗಿ ಕೇಳಿಸುತ್ತದೆ. "ನಿಧಾನವಾಗಿ ಬನ್ನಿ, ತಡವಾದರೂ ಪರವಾಗಿಲ್ಲ" ಎಂಬ ಒಂದು ಮಾತು ಅವರ ಹೆಗಲ ಭಾರವನ್ನು ಎಷ್ಟೋ ಇಳಿಸುತ್ತದೆ. ಪಕ್ಕದಲ್ಲಿ ಕುಳಿತ ಚಿಕ್ಕವರು ನಿಲ್ಲಿಸೋಣ ಎಂದರೆ ಕೇಳುವ ಕಿವಿ ಹಿರಿಯರಿಗೂ ಇರಲಿ.

ಇನ್ನೊಂದನ್ನು ಹೇಳದೆ ಮುಗಿಸಲಾರೆ. ಆ ರಾತ್ರಿ ಕೊಂಡೋಟ್ಟಿಯ ಸುತ್ತಲಿನ ಜನ ಕೊರೊನಾದ ಭಯವನ್ನು ಲೆಕ್ಕಿಸದೆ ಮಳೆಯಲ್ಲಿ ಓಡಿಬಂದರು. ಗಾಯಾಳುಗಳನ್ನು ಎತ್ತಿ, ಸಿಕ್ಕ ಗಾಡಿಗಳಲ್ಲಿ ಆಸ್ಪತ್ರೆಗೆ ಸಾಗಿಸಿದರು. ತಂದೆತಾಯಿಯಿಂದ ಬೇರ್ಪಟ್ಟ ಮಕ್ಕಳನ್ನು ಎದೆಗಪ್ಪಿಕೊಂಡರು, ರಕ್ತ ಕೊಡಲು ರಾತ್ರಿಯಿಡೀ ಸಾಲುಗಟ್ಟಿ ನಿಂತರು, ಆಮೇಲೆ ಕ್ವಾರಂಟೈನಿಗೆ ಹೋದರು. ಬದುಕುಳಿದವರೂ ಮೃತರ ಮನೆಯವರೂ ಆ ಋಣವನ್ನು ಮರೆಯಲಿಲ್ಲ. ತಮಗೆ ಬಂದ ಪರಿಹಾರದ ಹಣದಲ್ಲಿ ಒಂದು ಪಾಲು ಸೇರಿಸಿ ಆ ಊರಿನ ಆರೋಗ್ಯ ಕೇಂದ್ರಕ್ಕೆ ಕಟ್ಟಡ ಕಟ್ಟಿಸಿಕೊಡುವುದಾಗಿ 2022ರಲ್ಲಿ ಮುಂದೆ ಬಂದರು.

ಮುಂದಿನ ಸಲ ಮನೆಯವರು ದೂರದಿಂದ ಬಂದು ಕ್ಷೇಮವಾಗಿ ಇಳಿದಾಗ, ಅವರನ್ನು ಕರೆತಂದ ಆ ಕಾಣದ ಕೈಗಳನ್ನೂ ನಿಮ್ಮ ದುಆದಲ್ಲಿ ಸೇರಿಸಿಕೊಳ್ಳಿ. ಅವರಿಗಾಗಿಯೂ ಎಲ್ಲೋ ಒಂದು ಮನೆಯ ಬಾಗಿಲು ತೆರೆದಿರುತ್ತದೆ.