ಜಮಾದಾರನ ಒಂದು ರೂಪಾಯಿ

ಜೀತವೆಂದಾಗ ನಮ್ಮ ಕಣ್ಣ ಮುಂದೆ ಬರುವುದು ಜಮೀನ್ದಾರನ ಕೊಟ್ಟಿಗೆ, ಅಪ್ಪ ಮಾಡಿ ಮಗ ತೀರಿಸುವ ಸಾಲ. ಸರ್ಕಾರವೇ ದುಡ್ಡು ಕೊಟ್ಟು ಮಾಡಿಸುವ ಕಾಮಗಾರಿಯಲ್ಲೂ ಅದು ಇದ್ದೀತೆಂದು ಸುಲಭವಾಗಿ ಹೊಳೆಯುವುದಿಲ್ಲ. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಸಿದ್ಧತೆ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ತಂದು ನಿಲ್ಲಿಸಿತು.

ಕ್ರೀಡಾಂಗಣ, ಮೇಲ್ಸೇತುವೆಗಳ ಕೆಲಸವನ್ನು ಸರ್ಕಾರಿ ಸಂಸ್ಥೆಗಳು ಗುತ್ತಿಗೆದಾರರಿಗೆ ವಹಿಸಿದ್ದವು. ಗುತ್ತಿಗೆದಾರರು ಜಮಾದಾರರನ್ನು ಹಿಡಿದರು. ಜಮಾದಾರರು ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಆಳುಗಳನ್ನು ಕರೆತಂದರು. ತೀರ್ಪಿನಲ್ಲಿ ದಾಖಲಾಗಿರುವಂತೆ ಆಗಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ಅದರಲ್ಲಿ ತಲೆಗೊಂದು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ಹೆಂಗಸರಿಗೆ ಏಳೇ ರೂಪಾಯಿ ಎಂಬ ದೂರೂ ಇತ್ತು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಇದನ್ನು ವಿವರಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಬರೆದ ಪತ್ರವೇ ರಿಟ್ ಅರ್ಜಿಯಾಯಿತು.

ಸರ್ಕಾರದ ವಾದ ಸರಳವಾಗಿತ್ತು: ಇವರು ಗುತ್ತಿಗೆದಾರರ ಆಳುಗಳು, ದೂರಿದ್ದರೆ ಅವರ ಮೇಲಿರಲಿ. ನ್ಯಾಯಾಲಯ ಒಪ್ಪಲಿಲ್ಲ. ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕ ಸರ್ಕಾರವೇ ಆದ್ದರಿಂದ, ನಡುವೆ ಎಷ್ಟು ಕೈಗಳಿದ್ದರೂ ಹೊಣೆ ತಪ್ಪದು ಎಂದಿತು. ಅದಕ್ಕಿಂತ ದೊಡ್ಡ ಮಾತು ಮುಂದಿದೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಬಲವಂತವೆಂದರೇನು? ಚಾವಟಿ, ಬೀಗ ಮಾತ್ರವೇ? ಹಸಿವೂ ಬಲವಂತವೇ ಎಂದರು ಭಗವತಿ. ಬೇರೆ ದಾರಿಯಿಲ್ಲದವನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ, ಅವನು ತಾನಾಗಿ ಒಪ್ಪಿ ಬಂದಿದ್ದರೂ, ಅದು ಬಲವಂತದ ದುಡಿಮೆಯೇ. (ಹಳೆಯ ಕನ್ನಡದಲ್ಲಿ ಜೀತವೆಂದರೆ ಸಂಬಳವೆಂದೇ ಅರ್ಥವಿತ್ತೆಂಬುದನ್ನು ಇಲ್ಲಿ ನೆನೆಯಬಹುದು.)

ಮರುವರ್ಷ ಅಜ್ಮೀರ್ ಜಿಲ್ಲೆಯ ಬರಪರಿಹಾರ ರಸ್ತೆ ಕೆಲಸದ ಪ್ರಕರಣದಲ್ಲಿ ಇದೇ ತತ್ವ ಲೋಕೋಪಯೋಗಿ ಇಲಾಖೆಗೇ ಅನ್ವಯವಾಯಿತು. ಅಲ್ಲಿ ಬರವನ್ನು ನೆಪ ಹೇಳಲೂ ಅವಕಾಶ ಸಿಗಲಿಲ್ಲ.

ಇಷ್ಟಾದರೂ ರೋಗದ ಮೂಲ ಟೆಂಡರಿನಲ್ಲಿದೆ ಎಂದೇ ನನಗನಿಸುತ್ತದೆ. ಕಡಿಮೆ ದರ ಬರೆದವನಿಗೇ ಕೆಲಸ ಎಂಬುದು ಸರ್ಕಾರಿ ಖರೀದಿಯ ಹಳೆಯ ರೂಢಿ. ಸಿಮೆಂಟು, ಕಬ್ಬಿಣಗಳ ಬೆಲೆಯನ್ನು ಗುತ್ತಿಗೆದಾರ ಇಳಿಸಲಾರ. ಅವನ ಕೈಗೆ ಎಟಕುವುದು ಕೂಲಿ ಮಾತ್ರ. ಒಳಗುತ್ತಿಗೆ ಕೆಳಗಿಳಿದಷ್ಟೂ ಅದು ಸವೆಯುತ್ತದೆ, ಇಲಾಖೆಯ ಕಡತದಲ್ಲಿ ಮಾತ್ರ ಪೂರ್ತಿ ಕೂಲಿಯ ಲೆಕ್ಕ ಇರುತ್ತದೆ. ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳ ಜೊತೆಗೆ ತನ್ನ ಕೇಂದ್ರ ಸರ್ಕಾರವೂ ತಾನು ಕೊಳ್ಳುವ ಸರಕಿನ ಹಿಂದಿನ ದುಡಿಮೆಯ ಬಗ್ಗೆ ವರ್ಷವರ್ಷ ಹೇಳಿಕೆ ಕೊಡಬೇಕೆಂದು ವಿಧಿಸಿತು. ದೆಹಲಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಕೆಯನ್ನಷ್ಟೇ ನಂಬಿ ಕೂರಲಿಲ್ಲ. ಕಾಮಗಾರಿಯ ಸ್ಥಳಕ್ಕೇ ಹೋಗಿ ತಪಾಸಣೆ ಮಾಡಿ ವರದಿ ಕೊಡಲು ಮೂವರನ್ನು ನೇಮಿಸಿತು. ಕೂಲಿಯನ್ನು ಜಮಾದಾರನ ಕೈಗಲ್ಲ, ನೇರವಾಗಿ ಆಳಿನ ಕೈಗೇ ಕೊಡಬೇಕೆಂದಿತು.