ಸ್ಟಾರ್‌ಕ್ರಾಫ್ಟ್ ವೃತ್ತಿಪರ ಸ್ಪರ್ಧೆಗಳು

ಸ್ಟಾರ್‌ಕ್ರಾಫ್ಟ್ ವೃತ್ತಿಪರ ಸ್ಪರ್ಧೆಗಳು ಎಂಬುದು ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟವನ್ನು ಆಧರಿಸಿ ಮುಖ್ಯವಾಗಿ ದಕ್ಷಿಣ ಕೊರಿಯಾದಲ್ಲಿ ಬೆಳೆದ ಪಂದ್ಯಾವಳಿಗಳ ಹೆಸರು. ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೇನ್‌ಮೆಂಟ್ ಸಂಸ್ಥೆಯು ಈ ಆಟವನ್ನು 1998ರ ಮಾರ್ಚ್ 31ರಂದು ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಯಲ್ಲಿ ಬ್ರೂಡ್ ವಾರ್ ಎಂಬ ವಿಸ್ತರಣೆ ಬಂದಿತು; ಸ್ಪರ್ಧೆಗಳು ನಡೆದದ್ದು ಬಹುತೇಕ ಈ ವಿಸ್ತೃತ ರೂಪದಲ್ಲಿಯೇ. ಇಂದು ಇ-ಕ್ರೀಡೆ ಎಂದು ಕರೆಯಲಾಗುವ ವ್ಯವಸ್ಥೆಯ ಹಲವು ಅಂಗಗಳು, ಅಂದರೆ ಸಂಬಳ ಪಡೆಯುವ ಆಟಗಾರರು, ಕಂಪನಿಗಳ ಪ್ರಾಯೋಜಿತ ತಂಡಗಳು, ದೂರದರ್ಶನ ಪ್ರಸಾರ, ವೀಕ್ಷಕ ವಿವರಣೆ ಮತ್ತು ನಿಯಂತ್ರಣ ಸಂಘ, ಒಟ್ಟಾಗಿ ಮೊದಲು ರೂಪುಗೊಂಡದ್ದು ಈ ಸ್ಪರ್ಧೆಗಳ ಸುತ್ತ. ಒಂದು ಆಟ ಇಷ್ಟು ದೀರ್ಘಕಾಲ ಆಡುವವರಿಗೂ ನೋಡುವವರಿಗೂ ಏಕೆ ರುಚಿಸುತ್ತದೆ ಎಂಬ ಪ್ರಶ್ನೆಗೆ ಇದು ಉತ್ತಮ ನಿದರ್ಶನವಾಗಿದೆ.

ಆಟದ ಸ್ವರೂಪ

ಸ್ಟಾರ್‌ಕ್ರಾಫ್ಟ್ ಸರದಿಯಿಲ್ಲದ ರಣತಂತ್ರದ ಆಟ. ಚದುರಂಗದಲ್ಲಿ ಒಬ್ಬರು ಕಾಯಿ ನಡೆಸಿದ ಮೇಲೆ ಇನ್ನೊಬ್ಬರ ಸರದಿ ಬರುತ್ತದೆ. ಇಲ್ಲಿ ಇಬ್ಬರೂ ಏಕಕಾಲದಲ್ಲಿ ಆಡುತ್ತಿರುತ್ತಾರೆ. ಯೋಚಿಸುವವರಿಗಾಗಿ ಕಾಲ ನಿಲ್ಲುವುದಿಲ್ಲ. ಪ್ರತಿ ಆಟಗಾರನಿಗೂ ಆರಂಭದಲ್ಲಿ ಒಂದು ಕೇಂದ್ರ ಕಟ್ಟಡ, ನಾಲ್ವರು ಕೆಲಸಗಾರರು ಹಾಗೂ 50 ಮಿನರಲ್ ಇರುತ್ತವೆ. ಕೆಲಸಗಾರರು ಮಿನರಲ್ ಮತ್ತು ಗ್ಯಾಸ್ ಎಂಬ ಎರಡು ಸಂಪನ್ಮೂಲಗಳನ್ನು ತಂದು ಒಟ್ಟುಮಾಡುತ್ತಾರೆ. ಅದರಿಂದ ಕಟ್ಟಡಗಳನ್ನು ಕಟ್ಟಿ, ಸೈನ್ಯವನ್ನು ಬೆಳೆಸಿ, ಎದುರಾಳಿಯ ನೆಲೆಯನ್ನು ನಾಶಮಾಡುವುದು ಗುರಿ. ಕೊನೆಯ ಕಟ್ಟಡ ಬೀಳುವವರೆಗೆ ವೃತ್ತಿಪರರು ಆಡುವುದು ಅಪರೂಪ. ಸೋಲು ಖಚಿತವಾದಾಗ ‘ಗುಡ್ ಗೇಮ್’ ಎಂಬುದರ ಸಂಕ್ಷಿಪ್ತ ರೂಪವಾದ ‘ಜಿಜಿ’ ಎಂದು ಬರೆದು ಆಟದಿಂದ ಹೊರಬರುವುದು ರೂಢಿ.

ಆಡಲು ಮೂರು ಜನಾಂಗಗಳಿವೆ. ಟೆರನ್ ಎಂದರೆ ಮನುಷ್ಯರು. ಅವರ ಬಲ ಬಂದೂಕು, ಟ್ಯಾಂಕ್ ಮತ್ತು ಭದ್ರ ಕಾವಲು. ಝರ್ಗ್ ಕೀಟಗಳಂತೆ ಹಿಂಡುಹಿಂಡಾಗಿ, ಅಗ್ಗವಾಗಿ ಹುಟ್ಟುವ ಜೀವಿಗಳು. ಪ್ರೋಟಾಸ್ ಸೈನಿಕರು ಸಂಖ್ಯೆಯಲ್ಲಿ ಕಡಿಮೆ, ಆದರೆ ಬಲಿಷ್ಠರು ಮತ್ತು ದುಬಾರಿ. ಇವುಗಳ ನಡುವೆ ಹೆಸರಿನ ಅಥವಾ ಬಣ್ಣದ ವ್ಯತ್ಯಾಸ ಮಾತ್ರವಿಲ್ಲ. ಕಟ್ಟಡ ಕಟ್ಟುವ ರೀತಿ, ಸೈನ್ಯ ಬೆಳೆಯುವ ವೇಗ, ಗಾಯ ವಾಸಿಯಾಗುವ ಬಗೆ ಎಲ್ಲವೂ ಬೇರೆ ಬೇರೆ. ಆದ್ದರಿಂದ ಒಂದು ಜನಾಂಗದಲ್ಲಿ ಪಳಗಿದ ಆಟಗಾರ ಇನ್ನೊಂದಕ್ಕೆ ಬದಲಾದರೆ ಬಹುಪಾಲು ಹೊಸದಾಗಿ ಕಲಿಯಬೇಕಾಗುತ್ತದೆ.

ದಕ್ಷಿಣ ಕೊರಿಯಾದಲ್ಲಿ ಬೆಳವಣಿಗೆ

1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೊರಿಯಾದ ಅನೇಕರು ಉದ್ಯೋಗ ಕಳೆದುಕೊಂಡರು. ಕಡಿಮೆ ಬಂಡವಾಳದಲ್ಲಿ ತೆರೆಯಬಹುದಾದ ವ್ಯಾಪಾರಗಳಲ್ಲಿ ಪಿಸಿ ಬಾಂಗ್ ಒಂದಾಗಿತ್ತು. ಇದು ಗಂಟೆಗಿಷ್ಟು ಎಂದು ಹಣ ಪಡೆದು ಕಂಪ್ಯೂಟರ್ ಒದಗಿಸುವ ಅಂಗಡಿ. ಅದೇ ಕಾಲದಲ್ಲಿ ಸರ್ಕಾರ ವೇಗದ ಅಂತರಜಾಲ ಸಂಪರ್ಕವನ್ನು ದೇಶದಾದ್ಯಂತ ಹರಡುತ್ತಿತ್ತು. ಜಪಾನಿನ ಸಾಂಸ್ಕೃತಿಕ ಸರಕುಗಳ ಮೇಲೆ ಬಹುಕಾಲ ನಿರ್ಬಂಧವಿದ್ದುದರಿಂದ, ಟಿವಿಗೆ ಜೋಡಿಸಿ ಆಡುವ ಜಪಾನಿ ಆಟದ ಯಂತ್ರಗಳು ಅಲ್ಲಿ ಬೇರೂರಿರಲಿಲ್ಲ. ಆ ಹೊತ್ತಿಗೆ ಬಂದ ಸ್ಟಾರ್‌ಕ್ರಾಫ್ಟ್ ಈ ಅಂಗಡಿಗಳನ್ನು ತುಂಬಿತು. ಪಕ್ಕದ ಕುರ್ಚಿಯಲ್ಲಿ ಕುಳಿತ ಗೆಳೆಯನ ಎದುರು ಆಡುವುದು, ಹಿಂದೆ ನಿಂತು ನೋಡುವುದು, ಸೋತವನನ್ನು ಕೆಣಕುವುದು ಎಲ್ಲವೂ ಅಲ್ಲಿ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು.

1999ರಲ್ಲಿ ಮಕ್ಕಳ ಕಾರ್ಟೂನ್ ವಾಹಿನಿಯೊಂದು ಪಂದ್ಯಗಳನ್ನು ಪ್ರಸಾರ ಮಾಡಿತು. ಅದರ ಯಶಸ್ಸಿನಿಂದ 2000ದಲ್ಲಿ ಆಟಗಳಿಗೇ ಮೀಸಲಾದ ಆನ್‌ಗೇಮ್‌ನೆಟ್ ವಾಹಿನಿ ಆರಂಭವಾಯಿತು. ಅದೇ ವರ್ಷ ಕೊರಿಯಾ ಇ-ಕ್ರೀಡಾ ಸಂಘವೂ ಸ್ಥಾಪನೆಗೊಂಡಿತು. ಎಸ್‌ಕೆ ಟೆಲಿಕಾಂ, ಕೆಟಿ, ಸ್ಯಾಮ್‌ಸಂಗ್ ಮುಂತಾದ ಕಂಪನಿಗಳು ತಂಡಗಳನ್ನು ಕಟ್ಟಿದವು. ಕಡ್ಡಾಯ ಸೇನಾ ಸೇವೆಯಲ್ಲಿರುವ ಆಟಗಾರರಿಗಾಗಿ ವಾಯುಪಡೆಯೇ 2007ರಲ್ಲಿ ತಂಡವೊಂದನ್ನು ರಚಿಸಿತು. 2004ರ ಜುಲೈನಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ತಂಡಗಳ ಲೀಗಿನ ಅಂತಿಮ ಪಂದ್ಯಕ್ಕೆ ಒಂದು ಲಕ್ಷ ಜನ ಸೇರಿದ್ದರೆಂದು ಆಗ ವರದಿಯಾಯಿತು. ಕಡಲತೀರದ ಜನಸಂದಣಿಯನ್ನು ಎಣಿಸುವುದು ಸುಲಭವಲ್ಲವಾದರೂ, ಆ ದಿನದ ಚಿತ್ರಗಳು ಈ ಸ್ಪರ್ಧೆಗಳ ಜನಪ್ರಿಯತೆಯ ಗುರುತಾಗಿ ಉಳಿದಿವೆ.

ಆಟದ ಸ್ವಾರಸ್ಯದ ಮೂಲ

ಫ್ರೆಂಚ್ ಚಿಂತಕ ರೋಜೆ ಕೈಯ್ವಾ 1958ರಲ್ಲಿ ಆಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಅವುಗಳಲ್ಲಿ ಎರಡು ಇಲ್ಲಿ ಪ್ರಸ್ತುತ: ಸಾಮರ್ಥ್ಯದ ಪೈಪೋಟಿ ಮತ್ತು ಅದೃಷ್ಟ. ಚೌಕಾಬಾರದಲ್ಲಿ ಕವಡೆ ಹೇಗೆ ಬೀಳುತ್ತದೆಂಬುದು ಯಾರಿಗೂ ತಿಳಿಯದು. ಆ ಅನಿಶ್ಚಯವೇ ಆಟವನ್ನು ಜೀವಂತವಾಗಿಡುತ್ತದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಕವಡೆಯಂಥದ್ದು ತೀರಾ ಕಡಿಮೆ. ಎತ್ತರದ ನೆಲದ ಮೇಲಿರುವವರತ್ತ ಕೆಳಗಿನಿಂದ ಹಾರಿಸಿದ ಗುಂಡುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ತಗುಲುವುದು, ಆರಂಭದ ಸ್ಥಾನ ಎಲ್ಲಿ ಸಿಗುತ್ತದೆಂಬುದು, ಇಂಥ ಕೆಲವು ಮಾತ್ರ ಆಕಸ್ಮಿಕ. ಆದರೂ ಫಲಿತಾಂಶ ಮೊದಲೇ ತಿಳಿಯುವುದಿಲ್ಲ. ಏಕೆಂದರೆ ಇಲ್ಲಿ ಅನಿಶ್ಚಯ ಹುಟ್ಟುವುದು ಎದುರಾಳಿಯ ಮನಸ್ಸಿನಿಂದ.

ತನ್ನ ಸೈನಿಕರ ಕಣ್ಣಳತೆಯಲ್ಲಿರುವ ನೆಲವನ್ನು ಬಿಟ್ಟು ಉಳಿದ ಭಾಗ ಆಟಗಾರನಿಗೆ ಕಾಣಿಸುವುದಿಲ್ಲ. ಎದುರಾಳಿ ಈಗ ಏನು ಕಟ್ಟುತ್ತಿದ್ದಾನೆ ಎಂದು ತಿಳಿಯಬೇಕಾದರೆ ಒಬ್ಬ ಕೆಲಸಗಾರನನ್ನು ಅಲ್ಲಿಗೆ ಓಡಿಸಬೇಕು. ಓಡಿಸಿದರೆ ಅವನು ತರಬೇಕಾಗಿದ್ದ ಮಿನರಲ್ ನಷ್ಟವಾಗುತ್ತದೆ. ಹೀಗೆ ತಿಳಿವಳಿಕೆಗೂ ಬೆಲೆ ತೆರಬೇಕಾಗುತ್ತದೆ. ಆರಂಭದ ಆಯ್ಕೆಗಳೂ ಒಂದನ್ನೊಂದು ಹಿಡಿಯುವಂತಿವೆ. ಸೈನ್ಯವನ್ನು ಕಡೆಗಣಿಸಿ ಎರಡನೆಯ ನೆಲೆಯನ್ನು ಬೇಗ ಸ್ಥಾಪಿಸಿದವನು ಮುಂದೆ ಶ್ರೀಮಂತನಾಗುತ್ತಾನೆ, ಆದರೆ ಮೊದಲ ನಿಮಿಷಗಳಲ್ಲೇ ದಾಳಿ ಬಂದರೆ ಉಳಿಯುವುದು ಕಷ್ಟ. ಬೇಗ ದಾಳಿಮಾಡಿದವನು, ಎದುರಾಳಿ ಕಾವಲು ಹಾಕಿಕೊಂಡಿದ್ದರೆ, ತನ್ನ ಆದಾಯವನ್ನೇ ಸುಟ್ಟುಕೊಂಡಂತೆ. ಕಾವಲಿಗೆ ಹೆಚ್ಚು ಖರ್ಚುಮಾಡಿದವನು ಎರಡನೆಯ ನೆಲೆ ಸ್ಥಾಪಿಸಿದವನಿಗಿಂತ ಹಿಂದೆ ಬೀಳುತ್ತಾನೆ. ಯಾವುದೂ ಸದಾ ಗೆಲ್ಲುವ ದಾರಿಯಲ್ಲ. ಆಟ ಹಳತಾದರೂ ಅದರ ಪ್ರಶ್ನೆ ಹಳತಾಗದಿರಲು ಇದೊಂದು ಮುಖ್ಯ ಕಾರಣ.

ಎರಡನೆಯ ಕಾರಣ ಕೈಚಳಕಕ್ಕೆ ಸಂಬಂಧಿಸಿದ್ದು. ಒಂದು ಬಾರಿಗೆ ಹನ್ನೆರಡು ಸೈನಿಕರನ್ನು ಮಾತ್ರ ಆಯ್ಕೆಮಾಡಬಹುದು. ಕಟ್ಟಡಗಳನ್ನು ಒಂದೊಂದಾಗಿಯೇ ಒತ್ತಬೇಕು. ಹೊಸದಾಗಿ ಹುಟ್ಟಿದ ಕೆಲಸಗಾರ ತಾನಾಗಿ ಕೆಲಸಕ್ಕೆ ಹೋಗುವುದಿಲ್ಲ, ಪ್ರತಿಯೊಬ್ಬರಿಗೂ ಹೇಳಬೇಕು. ಇಂದಿನ ದೃಷ್ಟಿಯಲ್ಲಿ ಇವು ಕೊರತೆಗಳು. 2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2ರಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ನಿವಾರಿಸಲಾಯಿತು. ಆದರೆ ಹಳೆಯ ಆಟದ ಕೌಶಲ ನಿಂತಿರುವುದು ಈ ಕೊರತೆಗಳ ಮೇಲೆಯೇ. ಮುಂಚೂಣಿಯ ಆಟಗಾರರು ನಿಮಿಷಕ್ಕೆ 300ಕ್ಕೂ ಹೆಚ್ಚು ಬಾರಿ ಕೀಲಿ ಮತ್ತು ಮೌಸ್ ಒತ್ತುತ್ತಾರೆ. ಆಗಲೂ ಮಾಡಬೇಕಾದ ಕೆಲಸ ಮುಗಿಯುವುದಿಲ್ಲ. ಯುದ್ಧವನ್ನು ನೋಡಿಕೊಳ್ಳಬೇಕೋ ಮನೆಯನ್ನು ನೋಡಿಕೊಳ್ಳಬೇಕೋ ಎಂಬ ಆಯ್ಕೆ ಪ್ರತಿಕ್ಷಣ ಎದುರಾಗುತ್ತದೆ. ಆದ್ದರಿಂದ ಮಿನರಲ್ ಮತ್ತು ಗ್ಯಾಸ್ ಅಲ್ಲದೆ ಆಟಗಾರನ ಗಮನವೂ ಒಂದು ಸಂಪನ್ಮೂಲವೆನ್ನಬಹುದು. ತಯಾರಕರು ಉದ್ದೇಶಿಸದ ಲೋಪಗಳು ಕೂಡ ಕೌಶಲವಾಗಿ ಮಾರ್ಪಟ್ಟವು: ಮ್ಯುಟಲಿಸ್ಕ್ ಎಂಬ ಹಾರುವ ಜೀವಿಗಳನ್ನು ದೂರದಲ್ಲಿರುವ ಇನ್ನೊಂದು ಜೀವಿಯೊಂದಿಗೆ ಒಂದೇ ಗುಂಪಿಗೆ ಸೇರಿಸಿದರೆ, ಅವೆಲ್ಲ ಒಂದರ ಮೇಲೊಂದು ಕೂಡಿಕೊಂಡು ಒಂದೇ ಜೀವಿಯಂತೆ ಹಾರುತ್ತವೆ. ಇದನ್ನು ಬಲ್ಲವರ ಕೈಯಲ್ಲಿ ಝರ್ಗ್ ಆಟದ ಸ್ವರೂಪವೇ ಬದಲಾಯಿತು.

ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು ಚದುರಂಗ ಆಡುವವರು, ಬಂಡೆ ಏರುವವರು ಮುಂತಾದವರನ್ನು ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದ ವಿಚಾರವನ್ನು ಇಲ್ಲಿ ಅನ್ವಯಿಸಬಹುದು. ಸವಾಲು ಸಾಮರ್ಥ್ಯಕ್ಕಿಂತ ಬಹಳ ಹೆಚ್ಚಾದರೆ ಆತಂಕ, ಬಹಳ ಕಡಿಮೆಯಾದರೆ ಬೇಸರ. ಎರಡೂ ಸರಿದೂಗಿದಾಗ ಮನುಷ್ಯ ಕಾಲದ ಪರಿವೆಯಿಲ್ಲದೆ ತಲ್ಲೀನನಾಗುತ್ತಾನೆ ಎಂಬುದು ಅದರ ಸಾರ. ಒಂಟಿಯಾಗಿ ಆಡುವ ಆಟಗಳಲ್ಲಿ ಈ ಹದವನ್ನು ತಯಾರಕರು ಹಂತಹಂತವಾಗಿ ಹೆಣೆಯಬೇಕು. ಸ್ಪರ್ಧೆಯಲ್ಲಿ ಆ ಕೆಲಸವನ್ನು ಸರಿಜೋಡಿಯ ಎದುರಾಳಿ ಮಾಡುತ್ತಾನೆ. ಚದುರಂಗಕ್ಕಾಗಿ ಆರ್ಪಾಡ್ ಎಲೋ ರೂಪಿಸಿದ ಅಂಕ ಪದ್ಧತಿಯೂ ಅದರ ಮಾದರಿಯ ಇತರ ಪದ್ಧತಿಗಳೂ ಇಂದು ಆನ್‌ಲೈನ್ ಆಟಗಳಲ್ಲಿ ವ್ಯಾಪಕವಾಗಿ ಬಳಕೆಯಾಗಲು ಇದೇ ಕಾರಣ.

ನೋಡುಗರ ಆಸಕ್ತಿ

ಆಡುವವರಿಗೆ ಮಂಜು ಕವಿದಿರುವ ನೆಲ ನೋಡುಗರಿಗೆ ಪೂರ್ತಿ ಕಾಣುತ್ತದೆ. ದಾಳಿ ಎಲ್ಲಿಂದ ಬರುತ್ತಿದೆ ಎಂದು ಅವರಿಗೆ ಗೊತ್ತು, ಆಟಗಾರನಿಗೆ ಗೊತ್ತಿಲ್ಲ. ನಾಟಕದ ಪ್ರೇಕ್ಷಕರಿಗಿರುವ ತಳಮಳದಂಥದ್ದೇ ಇಲ್ಲಿಯೂ ಉಂಟಾಗುತ್ತದೆ.

ಟೆರನ್ ಆಟಗಾರ ಲಿಮ್ ಯೊ-ಹ್ವಾನ್ ಈ ಸ್ಪರ್ಧೆಗಳ ಮೊದಲ ತಾರೆ. ‘ಬಾಕ್ಸರ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಆತ 2001ರಲ್ಲಿ ಎರಡು ಬಾರಿ ಆನ್‌ಗೇಮ್‌ನೆಟ್ ಲೀಗ್ ಗೆದ್ದನು. ಆತನ ದೀರ್ಘಕಾಲದ ಪ್ರತಿಸ್ಪರ್ಧಿ ಝರ್ಗ್ ಆಟಗಾರ ಹಾಂಗ್ ಜಿನ್-ಹೊ. 2004ರ ನವೆಂಬರಿನ ಸೆಮಿಫೈನಲ್‌ನಲ್ಲಿ ಇವರು ಮುಖಾಮುಖಿಯಾದಾಗ ಜನ ದೀರ್ಘ ಹೋರಾಟವನ್ನು ನಿರೀಕ್ಷಿಸಿದ್ದರು. ಲಿಮ್ ಮೊದಲ ಪಂದ್ಯದಲ್ಲಿ ಕೆಲಸಗಾರರನ್ನೇ ಕರೆದೊಯ್ದು ಎದುರಾಳಿಯ ನೆಲೆಯ ಬಳಿ ಬಂಕರ್ ಕಟ್ಟಿ ಕ್ಷಿಪ್ರವಾಗಿ ಗೆದ್ದನು. ಎರಡನೆಯ ಪಂದ್ಯದಲ್ಲಿಯೂ, ಮೂರನೆಯದರಲ್ಲಿಯೂ ಅದನ್ನೇ ಮಾಡಿದನು. 3–0 ಅಂತರದಲ್ಲಿ ಸರಣಿ ಮುಗಿದುಹೋಯಿತು. ನೋಡುಗರಲ್ಲಿ ಹಲವರು ಸಿಟ್ಟಾದರು. ತಂತ್ರದ ದೃಷ್ಟಿಯಿಂದ ನೋಡಿದರೆ, ಮೂರನೆಯ ಬಾರಿ ಅದನ್ನೇ ಮಾಡುವುದು ಎಲ್ಲಕ್ಕಿಂತ ಅನಿರೀಕ್ಷಿತ ನಡೆಯಾಗಿತ್ತು. ಗೆಲ್ಲಲು ಆಡುವವನ ಹಿತ ಮತ್ತು ರಂಜನೆ ಬಯಸುವವನ ಹಿತ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ವಿರಳ. ಕೊರಿಯಾದ ಅಭಿಮಾನಿಗಳ ನಡುವೆ ಆ ಸರಣಿ ಈಗಲೂ ಹಾಸ್ಯದ ವಸ್ತು.

2007ರ ಮಾರ್ಚ್ 3ರ ಫೈನಲ್‌ನ ಕಥೆ ಬೇರೆ. ಆಗ ಝರ್ಗ್ ಆಟಗಾರ ಮಾ ಜೇ-ಯೂನ್ ಅಜೇಯನೆಂಬಂತಿದ್ದನು, ಮತ್ತು ಝರ್ಗ್ ಎದುರು ಪ್ರೋಟಾಸ್ ದುರ್ಬಲವೆಂಬುದು ಸಾಮಾನ್ಯ ನಂಬಿಕೆಯಾಗಿತ್ತು. ಹೆಚ್ಚು ಹೆಸರು ಮಾಡಿರದ ಪ್ರೋಟಾಸ್ ಆಟಗಾರ ಕಿಮ್ ಟೇಕ್-ಯಾಂಗ್ ಅವನನ್ನು 3–0 ಅಂತರದಿಂದ ಸೋಲಿಸಿದನು. ಆಟದ ಬಲಾಬಲವನ್ನು ತಿದ್ದುವ ಕೊನೆಯ ಪರಿಷ್ಕರಣೆ ಬಂದದ್ದು 2001ರಲ್ಲಿ. ಅಂದರೆ ಆರು ವರ್ಷ ನಿಯಮಗಳು ಬದಲಾಗದಿದ್ದರೂ, ಸಾವಿರಾರು ಜನ ಅರೆದು ಕುಡಿದ ಆಟದಲ್ಲಿ ಯಾರಿಗೂ ಕಾಣದ ದಾರಿಯೊಂದು ಉಳಿದಿತ್ತು.

ವೃತ್ತಿಯ ಹೊರೆ ಮತ್ತು ಮ್ಯಾಚ್ ಫಿಕ್ಸಿಂಗ್

ವೃತ್ತಿಪರ ಆಟಗಾರರು ತಂಡದ ವಸತಿಗೃಹದಲ್ಲಿ ಒಟ್ಟಿಗೆ ವಾಸಿಸಿ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಅಭ್ಯಾಸ ಮಾಡುತ್ತಿದ್ದರು. ಅನೇಕರು ಹದಿಹರೆಯದಲ್ಲಿಯೇ ಸೇರುತ್ತಿದ್ದರು. ತಾರೆಯರಿಗೆ ಒಳ್ಳೆಯ ಸಂಬಳವಿದ್ದರೂ ಕೆಳಸ್ತರದವರಿಗೆ ಸಿಗುತ್ತಿದ್ದುದು ಅತ್ಯಲ್ಪ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಅದರತ್ತ ಮೊದಲಿಗಿಂತ ಕಡಿಮೆ ಆಸಕ್ತಿ ತೋರಿದ್ದರು. ಆಟವು ಜೀವನೋಪಾಯವಾದಾಗ ಅದರ ಸ್ವಾರಸ್ಯಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಈ ವಸತಿಗೃಹಗಳಿಗೂ ಅನ್ವಯಿಸುತ್ತಿತ್ತು.

2010ರಲ್ಲಿ ಅಕ್ರಮ ಬೆಟ್ಟಿಂಗ್ ನಡೆಸುವವರಿಂದ ಹಣ ಪಡೆದು ಆಟಗಾರರು ಬೇಕೆಂದೇ ಸೋತಿದ್ದ ಪ್ರಕರಣ ಬಯಲಾಯಿತು. ಸಂಘವು ಹನ್ನೊಂದು ಆಟಗಾರರನ್ನು ಶಾಶ್ವತವಾಗಿ ನಿಷೇಧಿಸಿತು. ಅವರಲ್ಲಿ ಮಾ ಜೇ-ಯೂನ್ ಕೂಡ ಇದ್ದನು. ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆ ವಿಧಿಸಿತು. ಹಾನಿ ಕೆಲವು ಪಂದ್ಯಗಳಿಗೆ ಸೀಮಿತವಾಗಿರಲಿಲ್ಲ. ಈ ಆಟದಲ್ಲಿ ಅಂಗಳದ ಓಟವಾಗಲಿ ಮೈಯ ದಣಿವಾಗಲಿ ಕಣ್ಣಿಗೆ ಕಾಣುವುದಿಲ್ಲ. ಕೆಲಸಗಾರನೊಬ್ಬನನ್ನು ಕಳುಹಿಸಲು ಮರೆತದ್ದು, ದಾಳಿಯನ್ನು ಅರ್ಧ ನಿಮಿಷ ತಡವಾಗಿ ಗಮನಿಸಿದ್ದು ನಿಜವಾದ ತಪ್ಪೋ ನಟನೆಯೋ ಎಂದು ಹೊರಗಿನವರು ಹೇಳಲಾರರು. ಮುಂದೇನಾಗುವುದೋ ಎಂಬ ಕುತೂಹಲವೇ ಬಂಡವಾಳವಾಗಿದ್ದ ಕಡೆ, ಕೆಲವರಿಗೆ ಅದು ಮೊದಲೇ ಗೊತ್ತಿತ್ತು ಎಂಬ ಸಂಗತಿ ಎಲ್ಲ ಪಂದ್ಯಗಳ ಮೇಲೂ ಸಂಶಯ ಕವಿಯುವಂತೆ ಮಾಡಿತು.

ನಂತರದ ಬೆಳವಣಿಗೆ

ಅದೇ ವರ್ಷ ಸ್ಟಾರ್‌ಕ್ರಾಫ್ಟ್ 2 ಬಿಡುಗಡೆಯಾಯಿತು. ಪ್ರಸಾರದ ಹಕ್ಕು ಯಾರದು ಎಂಬ ಬಗ್ಗೆ ಬ್ಲಿಝಾರ್ಡ್ ಹಾಗೂ ಕೊರಿಯಾದ ಸಂಘ ಮತ್ತು ವಾಹಿನಿಗಳ ನಡುವೆ ಎದ್ದ ವ್ಯಾಜ್ಯ 2011ರಲ್ಲಿ ಇತ್ಯರ್ಥವಾಯಿತು. ಎರಡನೆಯ ಆಟದ ವಾಹಿನಿಯಾಗಿದ್ದ ಎಂಬಿಸಿ ಗೇಮ್ 2012ರ ಆರಂಭದಲ್ಲಿ ಸಂಗೀತ ವಾಹಿನಿಯಾಗಿ ಬದಲಾಯಿತು. ಬ್ರೂಡ್ ವಾರ್‌ನ ಕೊನೆಯ ಆನ್‌ಗೇಮ್‌ನೆಟ್ ಲೀಗ್ ಕೂಡ ಅದೇ ವರ್ಷ ಮುಗಿಯಿತು. ಯುವಜನರ ಒಲವು ಅಷ್ಟರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟದತ್ತ ಸರಿದಿತ್ತು.

2018ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಎಂಬ ಕೃತಕ ಬುದ್ಧಿಮತ್ತೆ ಸ್ಟಾರ್‌ಕ್ರಾಫ್ಟ್ 2ರಲ್ಲಿ ಇಬ್ಬರು ವೃತ್ತಿಪರರನ್ನು ಒಟ್ಟು ಹತ್ತು ಪಂದ್ಯಗಳಲ್ಲಿ ಸೋಲಿಸಿತು. ಆ ಪಂದ್ಯಗಳಲ್ಲಿ ಯಂತ್ರಕ್ಕೆ ತನ್ನ ಸೈನ್ಯ ಕಾಣುವ ನೆಲವೆಲ್ಲ ಒಂದೇ ನೋಟಕ್ಕೆ ಸಿಗುತ್ತಿತ್ತು. ಮನುಷ್ಯರಂತೆ ಪರದೆಯ ಒಂದು ಭಾಗವನ್ನು ಮಾತ್ರ ನೋಡಬೇಕೆಂಬ ನಿಯಮದಲ್ಲಿ ಆಡಿದ ಹನ್ನೊಂದನೆಯ ಪಂದ್ಯವನ್ನು ಪೋಲೆಂಡಿನ ಆಟಗಾರ ‘ಮಾನಾ’ ಗೆದ್ದನು.

ಬ್ರೂಡ್ ವಾರ್ ಸ್ಪರ್ಧೆಗಳು ಸಂಪೂರ್ಣವಾಗಿ ನಿಲ್ಲಲಿಲ್ಲ. ನಿವೃತ್ತ ಆಟಗಾರರು ಅಫ್ರೀಕಾ ಟಿವಿ ಎಂಬ ಅಂತರಜಾಲ ಪ್ರಸಾರ ತಾಣದಲ್ಲಿ ಮನೆಯಿಂದಲೇ ಆಡಿ ತೋರಿಸತೊಡಗಿದರು. 2016ರಲ್ಲಿ ಆ ತಾಣವೇ ಲೀಗ್ ಆರಂಭಿಸಿತು. 2017ರ ಆಗಸ್ಟ್‌ನಲ್ಲಿ ಚಿತ್ರ ಮತ್ತು ಧ್ವನಿಯನ್ನು ಸುಧಾರಿಸಿದ ಆವೃತ್ತಿಯನ್ನು ಬ್ಲಿಝಾರ್ಡ್ ಹೊರತಂದಿತು. ಒಂದು ಬಾರಿಗೆ ಹನ್ನೆರಡೇ ಸೈನಿಕರೆಂಬ ಮಿತಿಯೂ ಸೇರಿದಂತೆ ಆಟದ ನಿಯಮಗಳನ್ನು ಅದರಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ.